ಅಪ್ಪನ ಪದಗಳೂ ನನ್ನ ಐದು ಡಾಲರ್ ಸರ್ವರ್ರೂ

2021ರ ನವೆಂಬರ್ ತಿಂಗಳ ಕೊನೆಯ ಭಾನುವಾರ. ಜರಗನಹಳ್ಳಿಯ ಬಾಡಿಗೆ ಮನೆಯಲ್ಲಿ ಎರಡನೇ ಲೋಟ ಕಾಫಿ ಹಿಡಿದು ಕೂತಿದ್ದೆ. ಊರಿನಿಂದ ಅಪ್ಪನ ಫೋನ್ ಬಂತು.

"ಲೋ ಮಗ, ನಮ್ ಪದ ತೆಗೀತಾ ಇಲ್ವಲ್ಲೋ. ಏನೋ ಇಂಗ್ಲಿಷ್‌ನಲ್ಲಿ ಬತ್ತದೆ. ಮಾರಾಟಕ್ಕದೆ ಅಂತ ಬರ್ದವ್ರೆ."

'ನಮ್ ಪದ' ಅಂದರೆ ನಾನು ಅಪ್ಪನಿಗೆ ಮಾಡಿಕೊಟ್ಟಿದ್ದ ವೆಬ್‌ಸೈಟು. ತೆರೆದು ನೋಡಿದೆ. ನಮ್ಮೂರಿನ ಪದಗಳಿರಬೇಕಾದ ಜಾಗದಲ್ಲಿ ಜಾಹೀರಾತುಗಳು, ಮೇಲೆ 'ಈ ಡೊಮೇನ್ ಮಾರಾಟಕ್ಕಿದೆ' ಎಂಬ ಪಟ್ಟಿ. ಸರ್ವರ್‌ಗೆ ಲಾಗಿನ್ ಆಗೋಣ ಅಂದರೆ ಅಲ್ಲಿ ಸರ್ವರ್ರೇ ಇಲ್ಲ. ಕಾಫಿ ತಣ್ಣಗಾಯಿತು.

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಏನು ಗೊತ್ತಾ? ಒಂದು ಕಂಪನಿಯ ವೆಬ್‌ಸೈಟು ಬೀಳದ ಹಾಗೆ ನೋಡಿಕೊಳ್ಳುವುದು. ತಿಂಗಳಿಗೆ 99.9 ಪರ್ಸೆಂಟ್ ಸಮಯ ಸೈಟು ಎದ್ದಿರಬೇಕು ಅಂತ ಒಪ್ಪಂದ. ಅಂದರೆ 30 ದಿನದಲ್ಲಿ ಬರೀ 43 ನಿಮಿಷ ಮಲಗಬಹುದು. 44ನೇ ನಿಮಿಷಕ್ಕೆ ಮ್ಯಾನೇಜರ್ ಫೋನ್ ಮಾಡ್ತಾರೆ. ಅಪ್ಪನ ಸೈಟು ಮಲಗಿ ಆಗಲೇ ಒಂದು ತಿಂಗಳ ಮೇಲಾಗಿತ್ತು. ನನಗೆ ಗೊತ್ತೇ ಇರಲಿಲ್ಲ.

ಕನಕಪುರ ರಸ್ತೆಯ ಆ ತುದಿ

ಜರಗನಹಳ್ಳಿಯಲ್ಲಿ ಮನೆ ಮಾಡಿದ್ದಕ್ಕೆ ಒಂದೇ ಕಾರಣ, ಅದು ಕನಕಪುರ ರಸ್ತೆಯಲ್ಲಿದೆ ಅನ್ನೋದು. ಈ ಕಡೆ ಸಾರಕ್ಕಿ ಮಾರ್ಕೆಟ್ಟು, ಆ ಕಡೆ ಯಲಚೇನಹಳ್ಳಿ ಮೆಟ್ರೋ. ಇದೇ ರಸ್ತೆ ಹಿಡಿದು ಸುಮ್ಮನೆ ಹೋಗ್ತಾ ಇದ್ದರೆ ಕನಕಪುರ, ಅದನ್ನೂ ದಾಟಿದರೆ ಸಾತನೂರು, ಅಲ್ಲಿಂದ ಒಳಗೆ ನಮ್ಮ ಹಳ್ಳಿ. ಊರಿಗೂ ನನಗೂ ನಡುವೆ ಒಂದೂ ತಿರುವಿಲ್ಲ ಅನ್ನೋದು ಒಂಥರಾ ಸಮಾಧಾನ.

ಅಪ್ಪ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದು ರಿಟೈರ್ ಆದವರು. ಮೊದಲಿಂದಲೂ ಅವರಿಗೆ ಪದಗಳ ಹುಚ್ಚು. ಪೇಪರಿನಲ್ಲಿ ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ' ಬಂದ ದಿನ ಅದನ್ನು ಕತ್ತರಿಸಿ ಅಂಟಿಸಿಡೋರು. ಅದರ ಜೊತೆಗೇ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ನಮ್ಮ ಕಡೆಯ ಮಾತುಗಳನ್ನು ಬರೆದಿಡ್ತಾ ಇದ್ದರು. ಹೆಚ್ಚಿನವು ಬೇಸಾಯದವು, ಅಡುಗೆಮನೆಯವು. ರಾಗಿ ಪೈರಿಗೆ ಹೊಡೆಯುವ ಹಲುಬೆ, ಕಣದಲ್ಲಿ ತೆನೆ ಮೇಲೆ ಉರುಳಿಸುವ ರೋಣಗಲ್ಲು, ಕೊಯ್ದ ಬೆಳೆಯನ್ನು ಒಟ್ಟುವ ಮೆದೆ, ರಾಗಿ ನಡುವೆ ಅವರೆಯನ್ನೋ ತೊಗರಿಯನ್ನೋ ಬಿತ್ತುವ ಅಕ್ಕಡಿ ಸಾಲು, ಧಾನ್ಯ ತುಂಬಿಡುವ ವಾಡೆ, ಮಡಕೆ ಮೇಲೆ ಮಡಕೆ ಪೇರಿಸಿದ ಅಡಕಲು.

ನನಗೆ ಇಷ್ಟವಾಗಿದ್ದು ಹೊತ್ತಿನ ಪದಗಳ ಪುಟ. ಗಡಿಯಾರ ಇಲ್ಲದವರು ದಿನವನ್ನು ಕತ್ತರಿಸಿಕೊಂಡಿದ್ದ ರೀತಿ ಅದು. ಮುಂಗೋಳಿ ಕೂಗೋ ಹೊತ್ತು, ಹೊತ್ತಾರೆ, ತಂಗಳೊತ್ತು, ಬೈಗು, ಅಟ್ಟುಂಬೊತ್ತು. ಸಂಜೆ ಅಟ್ಟು ಉಣ್ಣುವ ಹೊತ್ತು ಅಟ್ಟುಂಬೊತ್ತು. ನಾನು ಸ್ವಿಗ್ಗಿ ತೆರೆಯುವ ಹೊತ್ತು ಅದೇ.

2020ರ ಲಾಕ್‌ಡೌನಿನಲ್ಲಿ ಊರಿಗೆ ಹೋಗಿ ನಾಲ್ಕು ತಿಂಗಳು ಇದ್ದೆ. ಮನೆ ಮಾಳಿಗೆ ಮೇಲೆ ಮಾತ್ರ ನೆಟ್‌ವರ್ಕ್ ಸಿಗೋದು. ಮೀಟಿಂಗುಗಳ ನಡುವೆ ಅಪ್ಪನ ನೋಟ್‌ಬುಕ್ ತಿರುವಿಹಾಕಿದೆ. 1,140 ಪದ. ಇದನ್ನು ಸೈಟು ಮಾಡಬಹುದಲ್ಲ ಅನ್ನಿಸಿತು. ಇಂಜಿನಿಯರುಗಳಿಗೆ ಏನೇ ಕಂಡರೂ ಸೈಟು ಮಾಡಬಹುದಲ್ಲ ಅಂತಲೇ ಅನ್ನಿಸುವುದು, ಅದು ಬೇರೆ ಮಾತು.

ನಾಯಿಗೂಡಿಗೆ ಲಿಫ್ಟು

ಹೋಸ್ಟಿಂಗ್ ಜೊತೆ ನನ್ನ ಸಂಬಂಧ ಹಳೆಯದು. ಕಾಲೇಜಿನ ಎರಡನೇ ವರ್ಷದಲ್ಲಿ ಹಾಸ್ಟೆಲ್ಲಿನ ಮೆಸ್ ಮೆನು ತೋರಿಸುವ ಸೈಟು ಮಾಡಿದ್ದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಕೋಡು, ಫೈಲ್‌ಝಿಲಾದಲ್ಲಿ ಅಪ್‌ಲೋಡು, ಯಾವುದೋ ಉಚಿತ ಹೋಸ್ಟಿಂಗು. ಉಪ್ಪಿಟ್ಟಿನ ಪಕ್ಕದಲ್ಲಿ ಅವರು ಆನ್‌ಲೈನ್ ರಮ್ಮಿ ಜಾಹೀರಾತು ಹಾಕ್ತಾ ಇದ್ದರು. ಆಮೇಲೆ ತಿಂಗಳಿಗೆ ನೂರು ರೂಪಾಯಿಯ 'ಅನ್‌ಲಿಮಿಟೆಡ್' ಪ್ಲಾನು. ಅದು ಎಷ್ಟು ಅನ್‌ಲಿಮಿಟೆಡ್ ಅಂತ ಸೆಮಿಸ್ಟರ್ ರಿಸಲ್ಟಿನ ದಿನ ನಾಲ್ಕು ನೂರು ಜನ ಒಟ್ಟಿಗೆ ಬಂದಾಗ ಗೊತ್ತಾಯಿತು.

ಅಪ್ಪನ ಸೈಟಿನ ಹೊತ್ತಿಗೆ ನಾನು ಸಂಬಳ ತೆಗೆದುಕೊಳ್ಳುವ ಡೆವಲಪರ್. ಹಾಗಾಗಿ ಸರಳವಾಗಿ ಮಾಡೋದು ಅವಮಾನ. ಒಂದು ವಿದೇಶಿ ಕಂಪನಿಯಲ್ಲಿ ತಿಂಗಳಿಗೆ ಐದು ಡಾಲರಿನ ಸರ್ವರ್ ಬಾಡಿಗೆಗೆ ಹಿಡಿದೆ. ಆ ಸರ್ವರ್ ಇದ್ದದ್ದು ಬೆಂಗಳೂರಿನ ಡೇಟಾ ಸೆಂಟರಿನಲ್ಲೇ, ಬಾಡಿಗೆ ಕಟ್ಟಬೇಕಿದ್ದದ್ದು ಮಾತ್ರ ಡಾಲರಿನಲ್ಲಿ, ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಅದರೊಳಗೆ ಡಾಕರ್, ಒಂದು ಡೇಟಾಬೇಸ್, ಹುಡುಕಾಟಕ್ಕೆ ಬೇರೆ ಸರ್ವಿಸ್, ಕೆಳಗೆ ಎಳೆದಂತೆಲ್ಲ ಪದಗಳು ತಾವಾಗಿ ಬರುವ ಜಾವಾಸ್ಕ್ರಿಪ್ಟ್ ಪುಟ, ಅಪ್ಪ ತಾವೇ ಪದ ಸೇರಿಸೋದಕ್ಕೆ ಒಂದು ಅಡ್ಮಿನ್ ಪುಟ. ದಿನಕ್ಕೆ ಬರ್ತಾ ಇದ್ದದ್ದು ಹೆಚ್ಚೆಂದರೆ 40 ಜನ. ನಾಯಿಗೂಡಿಗೆ ಲಿಫ್ಟು ಹಾಕಿಸಿದ ಹಾಗೆ.

ಒಳ್ಳೆಯ ಪಾಠವೂ ಆಯಿತು, ಇಲ್ಲ ಅನ್ನಲ್ಲ. ಕನ್ನಡದಲ್ಲಿ ಹುಡುಕಾಟ ಬರೆದವರಿಗೆ ಗೊತ್ತಿರುತ್ತದೆ, ಕಣ್ಣಿಗೆ ಒಂದೇ ಥರ ಕಾಣುವ ಎರಡು ಪದ ಕಂಪ್ಯೂಟರಿಗೆ ಬೇರೆ ಬೇರೆ ಆಗಿರಬಹುದು. ಯೂನಿಕೋಡಿನಲ್ಲಿ ಕನ್ನಡಕ್ಕೆ ಕೊಟ್ಟಿರುವುದು 128 ಮನೆಗಳ ಒಂದು ಸಾಲು. ಅದರಲ್ಲಿ 'ಕೋ' ಎಂಬುದರ ಓತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಕೊಂಬು, ದೀರ್ಘ ಅಂತ ಮೂರು ತುಂಡಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. 'ಸಾಫ್ಟ್‌ವೇರ್' ಅಂತ ಬರೆದಾಗ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕೂತಿರುತ್ತದೆ, ಒತ್ತಕ್ಷರ ಆಗದಿರಲಿ ಅಂತ. ಹುಡುಕುವವರು ಅದನ್ನು ಹಾಕದಿದ್ದರೆ ಫಲಿತಾಂಶ ಸೊನ್ನೆ. ಉಳಿಸುವ ಮುಂಚೆ, ಹುಡುಕುವ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ಈ ಒಂದು ಮಾತು ಯಾರೂ ಹೇಳಿಕೊಡದೆ ಎರಡು ವಾರ ಒದ್ದಾಡಿದ್ದೆ, ಅದಕ್ಕೆ ಇಲ್ಲಿ ಬರೆದಿದ್ದೇನೆ.

ಇನ್ನೊಂದು ತಲೆನೋವು ನಮ್ಮ ಕಡೆಯವರ ಹಕಾರ. ಹಟ್ಟಿ ಅಂತ ಬರೆದರೆ ಅಟ್ಟಿ ಅಂತ ಹುಡುಕ್ತಾರೆ. ಅದಕ್ಕೆ ಪರಿಹಾರ ಸಿಕ್ಕಿದ್ದು ನಮ್ಮ ಮನೆಗೆ ಹತ್ತಿರದಲ್ಲೇ. ಜೆ.ಪಿ. ನಗರದಲ್ಲಿ ಕಚೇರಿ ಇರುವ ಜೆರೋಧಾದ ಸಿಟಿಓ ಕೈಲಾಶ್ ನಾಧ್ ಅವರು 'ಅಲರ್' ಎಂಬ ಕನ್ನಡ-ಇಂಗ್ಲಿಷ್ ನಿಘಂಟನ್ನು 2019ರಲ್ಲಿ ಆನ್‌ಲೈನಿಗೆ ತಂದರು. ಅದು ವಿ. ಕೃಷ್ಣ ಅನ್ನುವವರು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಮಾಡಿದ ಕೆಲಸ. ಒಂದೂವರೆ ಲಕ್ಷ ಪದಗಳು, ಎರಡು ಲಕ್ಷ ನಲವತ್ತು ಸಾವಿರ ಅರ್ಥಗಳು. ಪದವನ್ನು ಕಾಗುಣಿತದಿಂದಲ್ಲ, ಉಚ್ಚಾರಣೆಯಿಂದ ಹುಡುಕುವ ಕೆಎನ್‌ಫೋನ್ ಎಂಬ ಕೋಡನ್ನೂ ಮುಕ್ತವಾಗಿ ಇಟ್ಟಿದ್ದಾರೆ. ಅದನ್ನು ಇಳಿಸಿಕೊಂಡು ನಮ್ಮ ಹಕಾರದ ನಿಯಮ ಸೇರಿಸಿದೆ. ಅಂದಿನಿಂದ 'ಅಲುಬೆ' ಅಂದರೂ ಹಲುಬೆ ಸಿಗುತ್ತದೆ.

ಆ ಕೋಡನ್ನು ಎತ್ತಿಕೊಂಡವನು ಅದರ ಪಕ್ಕದಲ್ಲೇ ಇದ್ದ ಇನ್ನೊಂದು ವಿಷಯವನ್ನು ಗಮನಿಸಲಿಲ್ಲ. ಅಲರ್‌ನ ಪೂರ್ತಿ ಪದಸಂಗ್ರಹವನ್ನೇ ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಮುಕ್ತ ಪರವಾನಗಿಯಲ್ಲಿ ಇಟ್ಟಿದ್ದಾರೆ. ನಾಳೆ ಆ ಸೈಟು ನಿಂತರೂ ಪದಗಳು ಎಷ್ಟೋ ಜನರ ಕಂಪ್ಯೂಟರಿನಲ್ಲಿ ಇರುತ್ತವೆ. ನಮ್ಮದು ಒಂದೇ ಒಂದು ಕಡೆ ಇತ್ತು.

312

2021ರ ಜನವರಿಯಿಂದ ಅಪ್ಪ ನೋಟ್‌ಬುಕ್ ಬಿಟ್ಟರು. ಫೋನಿನಲ್ಲೇ ಕನ್ನಡ ಟೈಪ್ ಮಾಡೋದು ಕಲಿತರು, ಮಾತಾಡಿದರೆ ಅಕ್ಷರ ಬರುವುದನ್ನು ಕಂಡ ಮೇಲಂತೂ ಕೇಳಬೇಡಿ. ಜಗಲಿ ಮೇಲೆ ಕೂತು ಎದುರು ಮನೆ ಅಜ್ಜಿಯನ್ನು ಕೇಳೋದು, ಅಲ್ಲೇ ಸೈಟಿಗೆ ಹಾಕೋದು. ಅಜ್ಜಿಗೆ ತೊಂಬತ್ತರ ಹತ್ತಿರ. ಬಾಣಂತಿ ಆರೈಕೆಯ ಪದಗಳು, ದನದ ಕಾಯಿಲೆಯ ಪದಗಳು, ಬೈಗುಳದ ಪದಗಳು ಅವರ ಹತ್ತಿರ ರಾಶಿ ಇದ್ದವು. ಬೈಗುಳ ಹಾಕಬೇಕೋ ಬೇಡವೋ ಅಂತ ಅಪ್ಪ ನನಗೆ ಫೋನ್ ಮಾಡಿ ಕೇಳೋರು. ಹಾಕಪ್ಪ ಅಂತಿದ್ದೆ.

ಆ ವರ್ಷದ ಏಪ್ರಿಲ್ 19ರಂದು 107ರ ವಯಸ್ಸಿನಲ್ಲಿ ವೆಂಕಟಸುಬ್ಬಯ್ಯನವರು ಹೋದರು. ಅಪ್ಪ ಅವತ್ತು ಅಂಟಿಸಿಟ್ಟ ಕಟಿಂಗುಗಳನ್ನೆಲ್ಲ ತೆಗೆದು ಓದ್ತಾ ಕೂತಿದ್ದರಂತೆ. ಮೇ ತಿಂಗಳಲ್ಲಿ ಕೊರೊನಾ ಎರಡನೇ ಅಲೆಯಲ್ಲಿ ಎದುರು ಮನೆ ಅಜ್ಜಿಯೂ ಹೋದರು. ಪೇಪರಿನಲ್ಲಿ ಬರಲಿಲ್ಲ.

ಅಕ್ಟೋಬರ್ 1ಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂತು. ಕಾರ್ಡಿನಿಂದ ಪ್ರತಿ ತಿಂಗಳು ತಾನಾಗಿ ಕಟ್ಟಾಗುವ ಹಣಕ್ಕೆ ಗ್ರಾಹಕ ಹೊಸದಾಗಿ ಒಪ್ಪಿಗೆ ಕೊಡಬೇಕು, ಹಣ ಕಟ್ಟಾಗುವ 24 ಗಂಟೆ ಮುಂಚೆ ಸೂಚನೆ ಬರಬೇಕು. ಒಳ್ಳೆಯ ನಿಯಮವೇ. ಹೇಳದೆ ಕೇಳದೆ ಹಣ ಎಳೆಯುವ ಆಪ್‌ಗಳಿಂದ ನಮ್ಮನ್ನು ಕಾಪಾಡಿದ್ದು. ಆದರೆ ಬಹಳಷ್ಟು ವಿದೇಶಿ ಕಂಪನಿಗಳ ವ್ಯವಸ್ಥೆ ಅದಕ್ಕೆ ತಯಾರಾಗಿರಲಿಲ್ಲ, ಎಷ್ಟೋ ಜನರ ಆಟೋ ಪೇಮೆಂಟುಗಳು ನಿಂತುಹೋದವು. ನನ್ನ ಸರ್ವರ್ ಬಾಡಿಗೆಯೂ ನಿಂತಿತು. ಅದೇ ತಿಂಗಳ 18ಕ್ಕೆ ಡೊಮೇನ್ ನವೀಕರಣವೂ ಇತ್ತು, ಅದೂ ಅದೇ ಕಾರ್ಡು.

ಅವರು ಮೇಲ್ ಕಳಿಸಲಿಲ್ಲವೇ? ಕಳಿಸಿದ್ದರು. ಒಂದಲ್ಲ, ಹನ್ನೊಂದು. 'ಬಿಲ್ಲುಗಳು' ಅಂತ ನಾನೇ ಒಂದು ಫಿಲ್ಟರ್ ಬರೆದು ಅಂಥ ಮೇಲ್‌ಗಳೆಲ್ಲ ಇನ್‌ಬಾಕ್ಸಿಗೆ ಬರದೆ ನೇರ ಒಂದು ಫೋಲ್ಡರಿಗೆ ಹೋಗುವ ಹಾಗೆ ಮಾಡಿದ್ದೆ. ಶಿಸ್ತು! ಆ ಫೋಲ್ಡರ್ ತೆರೆದದ್ದು ಅಪ್ಪನ ಫೋನ್ ಬಂದ ಮೇಲೆ. ಮೊದಲ ಮೇಲ್ ವಿನಯದಿಂದ ಕೇಳಿತ್ತು, ಐದನೆಯದು ಎಚ್ಚರಿಸಿತ್ತು, ಹನ್ನೊಂದನೆಯದು ಡೇಟಾ ಅಳಿಸಲಾಗಿದೆ ಅಂತ ತಿಳಿಸಿತ್ತು.

ಅಪ್ಪ ಯಾಕೆ ಮುಂಚೆಯೇ ನೋಡಲಿಲ್ಲ ಅಂದರೆ, ಆ ನವೆಂಬರಿನ ಮಳೆ ನಿಮಗೆ ನೆನಪಿರಬಹುದು. ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲೇ ಮಲಗಿ ಮೊಳಕೆ ಒಡೆದಿತ್ತು. ತೆನೆ ಉಳಿಸಿಕೊಳ್ಳುವ ಗಡಿಬಿಡಿಯಲ್ಲಿ ಮನೆಮಂದಿಗೆಲ್ಲ ಪದದ ಯೋಚನೆ ಎಲ್ಲಿಂದ ಬರಬೇಕು.

ಬ್ಯಾಕಪ್ ಇರಲಿಲ್ಲವೇ ಅಂತ ನೀವು ಕೇಳ್ತೀರಿ. ಇತ್ತು. ಪ್ರತಿ ರಾತ್ರಿ ಎರಡು ಗಂಟೆಗೆ ತಪ್ಪದೆ ಆಗ್ತಾ ಇತ್ತು. ಅದೇ ಸರ್ವರಿನ ಇನ್ನೊಂದು ಫೋಲ್ಡರಿಗೆ. ವಾರಕ್ಕೊಮ್ಮೆ ಪೂರ್ತಿ ಸರ್ವರಿನ ನಕಲು ಕೂಡ ಆಗ್ತಾ ಇತ್ತು, ಅದೇ ಕಂಪನಿಯ ಅದೇ ಅಕೌಂಟಿನಲ್ಲಿ. ಮನೆ ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ.

ದೊಡ್ಡವರಿಗೂ ಹೀಗಾಗಿದೆ ಅಂತ ಆಮೇಲೆ ಓದಿ ಸಮಾಧಾನ ಪಟ್ಟುಕೊಂಡೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ಇಂಜಿನಿಯರೊಬ್ಬರು ರಾತ್ರಿ ಸುಸ್ತಿನಲ್ಲಿ ತಪ್ಪು ಸರ್ವರಿನ ಡೇಟಾಬೇಸ್ ಅಳಿಸಿಬಿಟ್ಟರು. ಐದು ಥರದ ಬ್ಯಾಕಪ್ ವ್ಯವಸ್ಥೆ ಇತ್ತು, ಬೇಕಾದ ಹೊತ್ತಿಗೆ ಒಂದೂ ನೆಟ್ಟಗೆ ಕೆಲಸ ಮಾಡ್ತಾ ಇರಲಿಲ್ಲ. ಕೊನೆಗೆ ಯಾರೋ ಅಕಸ್ಮಾತ್ತಾಗಿ ತೆಗೆದಿಟ್ಟಿದ್ದ ನಕಲಿನಿಂದ ಆರು ಗಂಟೆಯ ಡೇಟಾ ಬಿಟ್ಟು ಉಳಿದದ್ದು ವಾಪಸ್ ಬಂತು. ಅವರು ಅದನ್ನೆಲ್ಲ ಮುಚ್ಚಿಡದೆ ಸಾರ್ವಜನಿಕವಾಗಿ ಬರೆದರು. ಅವರು ಕಳೆದುಕೊಂಡದ್ದು ಆರು ಗಂಟೆ. ನಾನು ಹತ್ತು ತಿಂಗಳು.

ಹೆಕ್ಕಿದ್ದು

ಡೊಮೇನ್ ವಾಪಸ್ ಸಿಕ್ಕಿತು. ಅವಧಿ ಮುಗಿದ ಕೂಡಲೇ ಡೊಮೇನ್ ಬೇರೆಯವರ ಪಾಲಾಗುವುದಿಲ್ಲ, ಕೆಲವು ವಾರ ಮಾಮೂಲಿ ದರಕ್ಕೇ ನವೀಕರಿಸಬಹುದು. ಅದೂ ದಾಟಿದರೆ ಇನ್ನೊಂದು 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ. ನಾನು ಆ ಎರಡನೇ ಹಂತಕ್ಕೆ ಬಿದ್ದಿದ್ದೆ. ವರ್ಷಕ್ಕೆ ಒಂಬೈನೂರು ಕಟ್ಟುತ್ತಿದ್ದ ಹೆಸರಿಗೆ ಏಳು ಸಾವಿರ ಕಟ್ಟಿದೆ. ಗಿರವಿ ಅಂಗಡಿ ನೆನಪಾಯಿತು.

ನೋಟ್‌ಬುಕ್ಕಿನ 1,140 ಪದಗಳಿಗೆ ಭಯವಿರಲಿಲ್ಲ, ಶುರುವಿನಲ್ಲಿ ಟೈಪ್ ಮಾಡಿದ ಫೈಲು ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. ಕಳೆದದ್ದು ಅಪ್ಪ ಫೋನಿನಿಂದ ನೇರವಾಗಿ ಸೇರಿಸಿದವು. ಎಷ್ಟು ಅಂತ ಗೊತ್ತಾದದ್ದು ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಿಂದ. ಜಗತ್ತಿನ ವೆಬ್ ಪುಟಗಳ ನಕಲು ತೆಗೆದಿಡುವ ಆ ಪುಣ್ಯಾತ್ಮರು ನಮ್ಮ ಸೈಟಿನ ಮುಖಪುಟವನ್ನು ಸೆಪ್ಟೆಂಬರಿನಲ್ಲಿ ಒಮ್ಮೆ ಹಿಡಿದಿಟ್ಟಿದ್ದರು. ಅದರ ಮೂಲೆಯಲ್ಲಿ ನಾನು ಶೋಕಿಗೆ ಹಾಕಿದ್ದ ಎಣಿಕೆ, 'ಒಟ್ಟು ಪದಗಳು: 1,452'. ನೋಟ್‌ಬುಕ್ಕಿನದು ಕಳೆದರೆ 312.

ಆದರೆ ಪದಗಳು? ಆರ್ಕೈವ್ ಲಿಂಕುಗಳನ್ನು ಹಿಡಿದು ಪುಟದಿಂದ ಪುಟಕ್ಕೆ ಹೋಗುತ್ತದೆ. ನನ್ನ ಸೈಟಿನಲ್ಲಿ ಲಿಂಕುಗಳೇ ಕಮ್ಮಿ. ಎಲ್ಲಾ ಜಾವಾಸ್ಕ್ರಿಪ್ಟ್ ಮಹಿಮೆ, ಬೆರಳು ಎಳೆದರೆ ಮಾತ್ರ ಪದ ಬರೋದು. ಆರ್ಕೈವಿಗೆ ಬೆರಳಿಲ್ಲವಲ್ಲ. ಹಳೆಯ ಕಾಲದ ಸಾದಾ ಪುಟ ಮಾಡಿದ್ದರೆ ಅಷ್ಟೂ ಉಳಿಯುತ್ತಿತ್ತೇನೋ. 'ಇತ್ತೀಚಿನ ಪದಗಳು' ಅಂತ ಇದ್ದ ಪಟ್ಟಿಯ ಬೇರೆ ಬೇರೆ ತಿಂಗಳ ನಕಲುಗಳಿಂದ 118 ಸಿಕ್ಕವು. ಅಪ್ಪ ನನಗೆ ವಾಟ್ಸಾಪಿನಲ್ಲಿ ಕಳಿಸಿದ್ದ ವಾಯ್ಸ್ ಮೆಸೇಜುಗಳನ್ನು ಮೊದಲಿಂದ ಕೇಳಿದೆ, ಅದರಲ್ಲಿ 54. ಕೆಲವದರಲ್ಲಿ ಹಿಂದೆ ಅಜ್ಜಿಯ ದನಿಯೂ ಇದೆ. "ಅಂಗಲ್ಲ ಕಣಪ್ಪ, ಸರ್ಯಾಗ್ ಬರ್ಕೋ" ಅಂತ ಮೇಷ್ಟ್ರಿಗೇ ಪಾಠ.

ಆ ವಾರಾಂತ್ಯ ಊರಿಗೆ ಹೋದೆ. ಬೈತಾರೆ ಅಂದುಕೊಂಡಿದ್ದೆ. ಅಪ್ಪ ಬಯ್ಯಲಿಲ್ಲ. ಒದ್ದೆ ರಾಗಿಯನ್ನು ಟಾರ್ಪಾಲಿನ ಮೇಲೆ ಹರವುತ್ತಾ, "ಬರ್ದಿದ್ದು ಹೋದ್ರೆ ಇನ್ನೊಂದ್ಸಲ ಬರೀಬೋದು ಕಣೋ. ಹೇಳೋರ್ನ ಎಲ್ಲಿಂದ ತರಾದು" ಅಂದರು. ಆಮೇಲೆ ಇಬ್ಬರೂ ಕೂತು ನೆನಪಿಸಿಕೊಂಡು 31 ಪದ ಬರೆದೆವು. ಒಟ್ಟು 203. ಉಳಿದ 109 ಪದಗಳು ಯಾವುವು ಅನ್ನೋದೇ ಗೊತ್ತಿಲ್ಲ. ಇಷ್ಟು ಇದ್ದವು ಅಂತ ಮಾತ್ರ ಗೊತ್ತು.

ಓನರ್ ಆಂಟಿಯ ಪ್ರಶ್ನೆ

ಈಗಿನ ಸೈಟಿಗೆ ಡೇಟಾಬೇಸ್ ಇಲ್ಲ. ಎಲ್ಲಾ ಪದಗಳೂ ಒಂದು ಸಾದಾ ಪಠ್ಯ ಕಡತದಲ್ಲಿವೆ, ಸಾಲಿಗೊಂದು ಪದ. ಹ್ಯೂಗೋ ಎಂಬ ಉಚಿತ ಸಾಧನ ಅದರಿಂದ ಪದಕ್ಕೊಂದರಂತೆ ಸಾದಾ ಪುಟಗಳನ್ನು ಕಟ್ಟುತ್ತದೆ, ಗಿಟ್‌ಹಬ್ ಪೇಜಸ್‌ನಲ್ಲಿ ಅದು ಪುಕ್ಕಟೆ ನಿಂತಿದೆ. ಬೀಗದ ಚಿಹ್ನೆ ತೋರಿಸುವ ಸರ್ಟಿಫಿಕೇಟು ಲೆಟ್ಸ್ ಎನ್‌ಕ್ರಿಪ್ಟ್‌ನದು, ಅದೂ ಪುಕ್ಕಟೆ. ನನ್ನ ಖರ್ಚು ಡೊಮೇನ್ ಒಂದೇ, ಅದನ್ನೂ ಹತ್ತು ವರ್ಷಕ್ಕೆ ಒಟ್ಟಿಗೆ ಕಟ್ಟಿಬಿಟ್ಟೆ. ಹತ್ತಕ್ಕಿಂತ ಹೆಚ್ಚು ಕೊಡುವುದಿಲ್ಲ, ಇಲ್ಲದಿದ್ದರೆ ಇನ್ನೂ ಕಟ್ಟುತ್ತಿದ್ದೆ. ಅಪ್ಪ ಪದ ಕಳಿಸುವುದು ವಾಟ್ಸಾಪಿನಲ್ಲಿ. ನಾನು ವಾರಕ್ಕೊಮ್ಮೆ ಸೇರಿಸುತ್ತೇನೆ. ನಿಧಾನ, ಆದರೆ ಸೇರಿಸಿದ ಪ್ರತಿ ಸಾಲಿನ ಚರಿತ್ರೆ ಗಿಟ್‌ನಲ್ಲಿ ಇರುತ್ತದೆ.

ಬ್ಯಾಕಪ್ಪಿಗೆ ಹಳೆಯ ನಿಯಮ ಒಂದಿದೆ. ಮೂರು ಪ್ರತಿ, ಎರಡು ಥರದ ಜಾಗದಲ್ಲಿ, ಒಂದು ಮಾತ್ರ ಮನೆಯಿಂದ ದೂರ. ಗಿಟ್‌ಹಬ್ ದೂರದ್ದು, ಲ್ಯಾಪ್‌ಟಾಪು ಹತ್ತಿರದ್ದು. ಮೂರನೆಯದಕ್ಕೆ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರಸ್ತೆಯಿಂದ ರಾಸ್ಪ್‌ಬೆರಿ ಪೈ ತಂದೆ. ಕೈಯಗಲದ ಕಂಪ್ಯೂಟರು. ಟಿವಿ ಹಿಂದೆ ಇಟ್ಟು ಪ್ರತಿ ರಾತ್ರಿ ನಕಲು ತೆಗೆಯುವ ಹಾಗೆ ಮಾಡಿದೆ. ಎರಡು ತಿಂಗಳಾದ ಮೇಲೆ ನೋಡಿದರೆ ವಾರದಲ್ಲಿ ಐದು ರಾತ್ರಿ ಮಾತ್ರ ನಕಲು ಇದೆ. ಕೋಡೆಲ್ಲ ಜಾಲಾಡಿದೆ. ತಪ್ಪು ಕೋಡಿನಲ್ಲಿರಲಿಲ್ಲ. ನಾನು ಶುಕ್ರವಾರ ಊರಿಗೆ ಹೋದಾಗ ಓನರ್ ಆಂಟಿ ಕೆಳಗಿನಿಂದ ಮೇನ್ ಸ್ವಿಚ್ ತೆಗೀತಾ ಇದ್ದರು. "ಮನೇಲಿ ಯಾರೂ ಇಲ್ದಿರೋವಾಗ ಮೀಟರ್ ಯಾಕಪ್ಪಾ ತಿರುಗ್ತದೆ? ಏನ್ ಉರೀತಿರ್ತದೆ ಒಳಗೆ?" ಅಂತ ಕೇಳಿದರು.

ಕೂತು ಲೆಕ್ಕ ಕೊಟ್ಟೆ. ಐದು ವ್ಯಾಟಿನ ಯಂತ್ರ, ದಿನವಿಡೀ ಓಡಿದರೂ ತಿಂಗಳಿಗೆ ಮೂರೂವರೆ ಯೂನಿಟ್ ಆಗುತ್ತದೆ ಆಂಟಿ. ಅದರೊಳಗೆ ನಮ್ಮಪ್ಪನ ಪದಗಳಿವೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ತಾವು ಹುಟ್ಟಿದ್ದೂ ಇದೇ ಜರಗನಹಳ್ಳಿ, ಸಾರಕ್ಕಿ ಕೆರೆ ಕೆಳಗೆ ಗದ್ದೆ ಇದ್ದ ಕಾಲ ಗೊತ್ತು ಅಂದರು. ರೋಣಗಲ್ಲು ಗೊತ್ತಾ ಆಂಟಿ ಅಂದೆ. "ನಮ್ ಮನೆಯವ್ರು ಗಾಡಿ ನಿಲ್ಸಕ್ಕೆ ಅಡ್ಡ ಹಾಕಿರೋ ಗುಂಡು ಏನ್ ಅಂದ್ಕೊಂಡಿದ್ದೀಯ?" ಅಂದರು. ಆರು ವರ್ಷದಿಂದ ಅದರ ಮೇಲೆ ಕೂತೇ ನಾನು ಶೂ ಹಾಕಿಕೊಳ್ತಾ ಇದ್ದೆ. ಈಗ ಮೇನ್ ಸ್ವಿಚ್ ಯಾರೂ ಮುಟ್ಟುವುದಿಲ್ಲ, ಅಪ್ಪನ ಪಟ್ಟಿಗೆ ಆಂಟಿಯಿಂದ ಆರು ಪದ ಬಂದಿವೆ.

ಎಲ್ಲಾ ಸೈಡ್ ಪ್ರಾಜೆಕ್ಟನ್ನೂ ಹೀಗೆ ಸಾಕಬೇಕು ಅಂತ ನಾನು ಹೇಳಲ್ಲ. 2024ರ ಮಾರ್ಚಿನ ನೀರಿನ ಬರದಲ್ಲಿ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತ್ತಲ್ಲ, ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ಅಂತ. ಯಾರು ಎಷ್ಟು ಕೇಳ್ತಾರೆ ಅಂತ ನಮ್ಮ ಏರಿಯಾದವರು ದಾಖಲಿಸುವ ಒಂದು ಪುಟವನ್ನು ಒಂದೇ ರಾತ್ರಿಯಲ್ಲಿ ಮಾಡಿದೆ. ಮೂರು ದಿನ ಓಡಿತು. ನಾಲ್ಕನೇ ದಿನಕ್ಕೆ ಬೀದಿಯ ವಾಟ್ಸಾಪ್ ಗುಂಪೇ ಆ ಕೆಲಸವನ್ನು ನನಗಿಂತ ಚೆನ್ನಾಗಿ ಮಾಡ್ತಾ ಇತ್ತು. ಮುಚ್ಚಿದೆ, ಬೇಜಾರಾಗಲಿಲ್ಲ. ಆ ಪುಟದಲ್ಲಿದ್ದದ್ದು ನಾಳೆಗೆ ಬೇಡದ ಮಾಹಿತಿ.

ಈಗ ಎಐ ಇದೆಯಲ್ಲ, ಕೋಡ್ ಬರೆಯೋದು ಸಲೀಸು ಅಂತಾರೆ. ನಿಜ. ಕನ್ನಡ ಅಕ್ಷರಗಳನ್ನು ಒಂದೇ ರೂಪಕ್ಕೆ ತರುವ, ನಾನು ಎರಡು ವಾರ ಒದ್ದಾಡಿದ್ದ ಕೋಡನ್ನು ಮೊನ್ನೆ ಅದು ಹತ್ತು ನಿಮಿಷದಲ್ಲಿ ಬರೆದುಕೊಟ್ಟಿತು, ನನ್ನದಕ್ಕಿಂತ ಚೆನ್ನಾಗಿ. ಹುರುಪಿನಲ್ಲಿ 'ಹಲುಬೆ' ಅಂದರೇನು ಅಂತ ಅದನ್ನೇ ಕೇಳಿದೆ. ದುಃಖದಿಂದ ಗೋಳಾಡುವುದು ಅಂತು. ಹಲುಬುವುದಕ್ಕೂ ಹಲುಬೆಗೂ ಗಂಟು ಹಾಕಿತ್ತು. ಹಲ್ಲಿರುವ ಬೇಸಾಯದ ಸಲಕರಣೆ ಮಾರಾಯ ಅಂದೆ. ತಕ್ಷಣ ಕ್ಷಮೆ ಕೇಳಿ, ಹೌದು ಹೌದು, ಅದನ್ನು ಭತ್ತ ಕುಟ್ಟಲು ಬಳಸುತ್ತಾರೆ ಅಂತು. ಅಪ್ಪನಿಗೆ ಓದಿ ಹೇಳಿದೆ. "ಹೊಲಕ್ಕೇ ಇಳ್ದಿಲ್ಲ ಬುಡು ಅದು" ಅಂದರು.

ವರ್ಷಕ್ಕೆ ಎರಡು ಸಲ, ಯುಗಾದಿಗೊಮ್ಮೆ ದೀಪಾವಳಿಗೊಮ್ಮೆ, ಬೇರೊಂದು ಕಂಪ್ಯೂಟರಿನಲ್ಲಿ ಬ್ಯಾಕಪ್ಪಿನಿಂದ ಪೂರ್ತಿ ಸೈಟನ್ನು ಮತ್ತೆ ಕಟ್ಟಿ ನೋಡುತ್ತೇನೆ. ತೆರೆದು ನೋಡದ ಬ್ಯಾಕಪ್ಪು ಇದ್ದೂ ಇಲ್ಲದ ಹಾಗೆ. ಕಳೆದ ಸಲ ಕಟ್ಟಿದಾಗ ಪೈಯ ಮೆಮರಿ ಕಾರ್ಡ್ ಕೆಟ್ಟಿರುವುದು ಗೊತ್ತಾಯಿತು, ಬದಲಿಸಿದೆ. ಪದಗಳ ಕಡತವನ್ನು ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆಯೂ ಇಟ್ಟಿದ್ದೇನೆ. ಇಲ್ಲಿಯವರೆಗೆ ಹತ್ತೊಂಬತ್ತು ಜನ ಇಳಿಸಿಕೊಂಡಿದ್ದಾರೆ. ಅವರು ಯಾರೋ ಏನೋ, ಅವರಿಗೆ ಗೊತ್ತಿಲ್ಲದೆ ಅವರೂ ನನ್ನ ಬ್ಯಾಕಪ್ಪೇ.

ಸೈಟಿನ ಮೂಲೆಯಲ್ಲಿ ಈಗ ಎರಡು ಎಣಿಕೆಗಳಿವೆ, ಇರುವ ಪದಗಳು ಮತ್ತು ಸಿಗಬೇಕಾದ ಪದಗಳು. ಎರಡನೆಯದು 109ರಿಂದ ಶುರುವಾದದ್ದು. ಅಪ್ಪನಿಗೆ ಹಾಲು ಕರೆಯುವಾಗಲೋ ಬಸ್ಸಿನಲ್ಲಿ ಕೂತಾಗಲೋ ಒಂದೊಂದು ನೆನಪಾಗುತ್ತದೆ. ಇದು ಆವತ್ತು ಹಾಕಿದ್ದೇ, ಅಜ್ಜಿ ಹೇಳಿದ್ದೇ ಅಂತ ಖಾತ್ರಿಯಾದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳೋದು, ಅದರಲ್ಲಿ ಮೇಷ್ಟ್ರು ಬಹಳ ಕಟ್ಟುನಿಟ್ಟು. ಹೋದ ಗುರುವಾರ ಆಫೀಸಿನ ಡಿಪ್ಲಾಯ್‌ಮೆಂಟ್ ನಡುವೆ ಇದ್ದೆ, ಹದಿನಾಲ್ಕು ಜನ ಕಾಲ್‌ನಲ್ಲಿ. ಅಪ್ಪನ ಫೋನು ಬಂತು. ಮ್ಯೂಟ್ ಮಾಡಿ ಎತ್ತಿಕೊಂಡೆ.

"ಬರ್ಕೊಳೋ, ಬಿರ್‌ಬಿರ್‌ನೆ ಬರ್ಕೋ, ಮರ್ತೋಗ್ತದೆ."

ಬರೆದುಕೊಂಡೆ. ಈಗ 87.